ಟಗರಿಗೆ ಎಣ್ಣೆ ಹಾಕಿದ ಮೇಲೆ ಮೇವು ಬಿಟ್ಟರೆ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಚಳ್ಳಕೆರೆ ಸೀಮೆಯಲ್ಲಿ ಟಗರು ಶೆಡ್ ಇಟ್ಟವರನ್ನು ಕೇಳಿ ನೋಡಿ. ಬೇಗ ಕೊಬ್ಬಲಿ ಅಂತ ಮೇವಿಗೆ ಎಣ್ಣೆ ಕಲಸಿ ಹಾಕಿದವರು ಇದೇ ಕತೆ ಹೇಳುತ್ತಾರೆ. "ಎಣ್ಣೆ ಹಾಕಿದೆ ಅಣ್ಣ, ಮೊದಲ ವಾರ ಮೈ ಮಿರಿಮಿರಿ ಮಿಂಚಿತು. ಆಮೇಲೆ ಬಾನಿ ಹತ್ತಿರಾನೇ ಬರಲಿಲ್ಲ." ನನಗೂ ಹಾಗೇ ಆಯಿತು. 24 ಮರಿ ತಂದಿದ್ದೆ, ಒಂದೊಂದು 22 ಕೆಜಿ ಆಜುಬಾಜು. ಎಣ್ಣೆ ಹಾಕಿ ಎರಡು ವಾರ ಎಲ್ಲಾ ಸರಿ ಇತ್ತು. ಮೂರನೇ ವಾರ ತೂಗಿದರೆ ತಕ್ಕಡಿ ಮುಳ್ಳು ಅಲ್ಲೇ ನಿಂತಿದೆ. ಹಿಕ್ಕೆ ಮೆತ್ತಗಾಗಿತ್ತು, ಬಾನಿಯಲ್ಲಿ ಅರ್ಧ ಮೇವು ಹಾಗೇ ಉಳಿದಿತ್ತು.

ನಮ್ಮ ಮಾವ ಬಂದು ನೋಡಿ, "ಎಣ್ಣೆ ಹಾಕಬೇಡ ಅಂತ ಬಡಕೊಂಡೆ, ಕೇಳಿದೆಯಾ?" ಅಂದರು. ನಾನೂ ಎಣ್ಣೆಯದೇ ತಪ್ಪು ಅಂದುಕೊಂಡೆ. ಆದರೆ ಎಣ್ಣೆಯ ಅಳತೆ ಎರಡು ವಾರದಿಂದ ಒಂದು ಚಮಚವೂ ಬದಲಾಗಿರಲಿಲ್ಲ. ಬದಲಾಗಿದ್ದು ಬೇರೆ ಏನೋ. ಅದನ್ನು ಹುಡುಕಲು ನನಗೆ ಎಂಟು ದಿನ ಹಿಡಿಯಿತು. ನಿಮಗೆ ಒಂದು ಮಧ್ಯಾಹ್ನ ಸಾಕಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇದನ್ನು ನೋಡಿ, ಆಮೇಲೆ ಉಳಿದದ್ದು

ಟಗರು ಹಲ್ಲು ಕಡಿಯುತ್ತಿದೆಯಾ? ಎಡ ಹೊಟ್ಟೆ ಉಬ್ಬಿ ತಮಟೆ ಥರ ಆಗಿದೆಯಾ? ಬೆನ್ನು ಬಗ್ಗಿಸಿ ಉಚ್ಚೆಗೆ ತಿಣುಕುತ್ತಿದೆಯಾ? ಎದ್ದು ನಿಲ್ಲುತ್ತಿಲ್ಲವಾ? ಇದರಲ್ಲಿ ಒಂದು ಇದ್ದರೂ ಓದುತ್ತಾ ಕೂರಬೇಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಚೆನ್ನಾಗಿ ಮೈ ಕಟ್ಟಿದ ಟಗರೇ ರಾತ್ರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ ಎಣ್ಣೆಯನ್ನು ಬೈಯುವ ಮೊದಲು ಇ.ಟಿ. (ಕರುಳುಬೇನೆ) ಲಸಿಕೆ ಯಾವಾಗ ಹಾಕಿಸಿದ್ದೆ ಅಂತ ನೆನಪು ಮಾಡಿಕೊಳ್ಳಿ.

ಎಣ್ಣೆ ಹಾಕುವ ಐಡಿಯಾ ಎಲ್ಲಿಂದ ಬಂತು

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮಾಂಸದ ದನಗಳನ್ನು ಫೀಡ್‌ಲಾಟ್‌ಗಳಲ್ಲಿ ಕೂಡಿ ಕೊಬ್ಬಿಸುತ್ತಾರೆ. ಅಲ್ಲಿ ಮೇವಿಗೆ ಎಣ್ಣೆ, ಕೊಬ್ಬು, ಎಣ್ಣೆಕಾಳು ಸೇರಿಸುವುದು ಹಳೆಯ ಪದ್ಧತಿ. ಲೆಕ್ಕ ಸರಳ. ಒಂದು ಗ್ರಾಂ ಎಣ್ಣೆಯಲ್ಲಿ ಒಂದು ಗ್ರಾಂ ಹಿಟ್ಟಿಗಿಂತ ಸುಮಾರು ಎರಡೂಕಾಲು ಪಟ್ಟು ಶಕ್ತಿ ಇದೆ. ಹೊಟ್ಟೆ ಹಿಡಿಸುವುದು ಅಷ್ಟೇ, ಶಕ್ತಿ ಮಾತ್ರ ಜಾಸ್ತಿ. ಮೇವಿನ ಧೂಳೂ ಅಡಗುತ್ತದೆ. ಆದರೆ ಅವರೂ ಒಂದು ಗೆರೆ ಎಳೆದುಕೊಂಡಿದ್ದಾರೆ. ಒಣ ಮೇವಿನ ಲೆಕ್ಕದಲ್ಲಿ ಒಟ್ಟು ಕೊಬ್ಬಿನಂಶ ಶೇ. 6ರಿಂದ 7 ದಾಟಬಾರದು. ಮೇಲಿಂದ ಸೇರಿಸುವ ಎಣ್ಣೆ ಹೆಚ್ಚೆಂದರೆ ಶೇ. 3ರಿಂದ 4.

ಇನ್ನೊಂದು ವ್ಯತ್ಯಾಸವನ್ನು ವಿಡಿಯೋ ನೋಡುವವರು ಗಮನಿಸುವುದಿಲ್ಲ. ಅಲ್ಲಿನ ದನಗಳು ಕೊನೆಯ ತಿಂಗಳುಗಳಲ್ಲಿ ತಿನ್ನುವುದೆಲ್ಲ ಹೆಚ್ಚುಕಡಿಮೆ ಕಾಳೇ. ಒಣಹುಲ್ಲು ಬಹಳ ಕಮ್ಮಿ. ನಮ್ಮ ಟಗರಿಗೆ ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಜೋಳದ ಸಪ್ಪೆ ಜಾಸ್ತಿ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿವೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳು ಅತಿಯಾದರೆ ಮೊದಲು ಪೆಟ್ಟು ತಿನ್ನುವುದು ಅವೇ. ನಾರಿನ ಮೇಲೆ ಎಣ್ಣೆ ಸವರಿಕೊಳ್ಳುತ್ತದೆ, ಜೀವಿಗಳಿಗೆ ನಾರು ಹಿಡಿಯಲು ಆಗುವುದಿಲ್ಲ. ಬಳ್ಳಿ ಕರಗದೆ ಹೊಟ್ಟೆಯಲ್ಲೇ ಕೂರುತ್ತದೆ. ಹೊಟ್ಟೆ ಖಾಲಿ ಆಗದಿದ್ದರೆ ಟಗರು ಹೊಸ ಮೇವು ಯಾಕೆ ತಿನ್ನುತ್ತದೆ? ಅದೇ ಎಣ್ಣೆ ಅಲ್ಲಿನ ದನಕ್ಕೆ ಒಗ್ಗಿದಷ್ಟು ಇಲ್ಲಿನ ಟಗರಿಗೆ ಒಗ್ಗದೇ ಇರಲು ಇದೇ ಕಾರಣ.

ಹೊಟ್ಟೆ ಉಬ್ಬಿದಾಗ ಒಂದು ಸಲ ಎಣ್ಣೆ ಕುಡಿಸುವುದು ಬೇರೆ. ಅದು ನೊರೆ ಒಡೆಯಲು. "ಅಷ್ಟೊಂದು ಕುಡಿಸಿದರೂ ಏನೂ ಆಗಲಿಲ್ಲ, ದಿನಾ ಒಂದಿಷ್ಟು ಹಾಕಿದರೆ ಏನಾಗುತ್ತೆ" ಅನ್ನುವ ವಾದ ಕೇಳಿದ್ದೇನೆ. ಎರಡೂ ಒಂದೇ ಅಂದುಕೊಳ್ಳಬೇಡಿ.

ಎಲ್ಲಾ ಟಗರಿಗೂ ಆಗಿದೆಯಾ, ಕೆಲವಕ್ಕೆ ಮಾತ್ರವಾ?

ಇದು ಮೊದಲ ಪ್ರಶ್ನೆ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

24ರಲ್ಲಿ ಎರಡು ಮೂರಕ್ಕೆ ಮಾತ್ರ ಆಗಿದ್ದರೆ ಕಲಸುವುದರಲ್ಲಿ ತಪ್ಪಿದೆ. ಡ್ರಮ್ಮಿನಲ್ಲಿ ಮೇವು ಸುರಿದು ಮೇಲಿಂದ ಎಣ್ಣೆ ಹೊಯ್ದು ಸಲಿಕೆಯಲ್ಲಿ ಎರಡು ಸಲ ತಿರುವಿದರೆ ಎಣ್ಣೆ ಗಂಟು ಕಟ್ಟುತ್ತದೆ. ಆ ಗಂಟು ಯಾರ ಬಾಯಿಗೆ ಬಿತ್ತೋ ಅದಕ್ಕೆ ಬೇಧಿ. ಮೊದಲು ಒಂದೆರಡು ಸೇರು ಮೆಕ್ಕೆಜೋಳದ ನುಚ್ಚಿಗೆ ಎಣ್ಣೆ ಹಾಕಿ ಕೈಯಲ್ಲಿ ಉಜ್ಜಿ ಉಜ್ಜಿ ಕಲಸಿ, ಮಂಡಕ್ಕಿಗೆ ಒಗ್ಗರಣೆ ಹಿಡಿಸಿದ ಹಾಗೆ. ಆಮೇಲೆ ಉಳಿದದ್ದಕ್ಕೆ ಸೇರಿಸಿ. ದಪ್ಪ ಟಗರುಗಳಿಗೇ ಆಗಿ ಸಣ್ಣವು ಚೆನ್ನಾಗಿದ್ದರೆ ಬಾನಿ ಚಿಕ್ಕದಾಗಿದೆ ಅಂತ ಅರ್ಥ. ಬಲಶಾಲಿಗಳು ನುಗ್ಗಿ ಎರಡು ಪಾಲು ತಿನ್ನುತ್ತಿವೆ. ತಲೆಗೆ ಒಂದು ಅಡಿ ಜಾಗ ಬೇಕೇ ಬೇಕು.

ಎಲ್ಲಕ್ಕೂ ಒಟ್ಟಿಗೆ ಆಗಿದ್ದರೆ ಮೇವಿನಲ್ಲೇ ಹುಡುಕಬೇಕು. ನಂದು ಹಾಗೇ ಆಗಿತ್ತು.

ಹಿಕ್ಕೆ ತೊಳೆದು ನೋಡಿ

ಹೇಸಿಗೆ ಅಂದುಕೊಳ್ಳಬೇಡಿ, ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ. ಬೆಳಗ್ಗೆ ಐದಾರು ಟಗರಿನ ಹಸಿ ಹಿಕ್ಕೆ ಒಂದೊಂದು ಮುಷ್ಟಿ ತಗೊಳ್ಳಿ. ಹಳೇ ಟೀ ಜಾಲರಿಗೆ ಹಾಕಿ ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಮೆಲ್ಲಗೆ ಒಡೆಯುತ್ತಾ ತೊಳೆಯಿರಿ. ನೀರು ತಿಳಿಯಾದ ಮೇಲೆ ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿಯಿರಿ. (ಜಾಲರಿಯನ್ನು ಆಮೇಲೆ ಅಡುಗೆಮನೆಗೆ ತರಬೇಡಿ. ನಮ್ಮ ಮನೆಯಲ್ಲಿ ಅದರ ಮೇಲೆ ದೊಡ್ಡ ರಾಮಾಯಣವೇ ಆಯಿತು.)

ನನ್ನ ತಟ್ಟೆಯಲ್ಲಿ ಉಳಿದಿದ್ದು ಶೇಂಗಾ ಬಳ್ಳಿಯ ಕಡ್ಡಿ. ಅರ್ಧ ಬೆರಳುದ್ದದ್ದೂ ಇತ್ತು. ಕೆಲವಕ್ಕೆ ಹಸಿರು ಬಣ್ಣ ಕೂಡ ಹೋಗಿರಲಿಲ್ಲ. ಚೆನ್ನಾಗಿ ಕರಗಿದ್ದರೆ ಸಣ್ಣ ಕೂದಲಿನಂಥ ನಾರು ಮಾತ್ರ ಉಳಿಯಬೇಕು. ಬೆರಳಿಗೆ ಜಿಡ್ಡೂ ಹತ್ತಿತ್ತು. ಉದ್ದ ನಾರು, ಜಿಡ್ಡು, ಒಂದಕ್ಕೊಂದು ಅಂಟಿದ ಮೆತ್ತನೆ ಹಿಕ್ಕೆ, ಮೂರೂ ಕೂಡಿ ಬಂದರೆ ಎಣ್ಣೆಯಂಶ ಗೆರೆ ದಾಟಿದೆ.

ನಾರಿನ ಬದಲು ಜೋಳದ ಬಿಳಿ ಚೂರುಗಳೇ ಜಾಸ್ತಿ ಇದ್ದು, ಹಿಕ್ಕೆ ಹಿಟ್ಟಿನ ಹಾಗೆ ಬೂದು ಬಣ್ಣವಾಗಿ ಹುಳಿ ವಾಸನೆ ಬಂದರೆ ಅದು ನುಚ್ಚು ಅತಿಯಾಗಿ ಹೊಟ್ಟೆ ಹುಳಿಯಾಗಿರುವುದು. ಎಣ್ಣೆಯ ತಂಟೆಗೆ ಹೋಗಬೇಡಿ, ನುಚ್ಚು ಇಳಿಸಿ. ಇಡೀ ಇಡೀ ಕಾಳು ಬಂದರೆ, ಅಗಸೆ ಅಥವಾ ಹುಚ್ಚೆಳ್ಳು ಹಾಕಿದವರಿಗೆ ಹೀಗಾಗುತ್ತದೆ, ಸಣ್ಣ ಕಾಳು ಅಗಿಯದೇ ಜಾರಿ ಹೋಗುತ್ತಿದೆ ಅಂತ ಲೆಕ್ಕ. ದುಡ್ಡು ತಿಪ್ಪೆಗೆ ಹೋಗುತ್ತಿದೆ ಅಷ್ಟೇ. ಒಡೆದು ಹಾಕಿ, ಆದರೆ ಒಡೆದ ದಿನವೇ ಖರ್ಚು ಮಾಡಿ.

ಹಿಂಡಿ ಯಾವ ಹಿಂಡಿ?

ನನ್ನ ಗುಟ್ಟು ಇಲ್ಲೇ ಬಯಲಾಗಿದ್ದು. ಮೂರನೇ ವಾರದ ಹೊತ್ತಿಗೆ ಹಿಂಡಿ ಖಾಲಿಯಾಗಿತ್ತು. ಯಾವಾಗಲೂ ತರುತ್ತಿದ್ದ ಅಂಗಡಿಯಲ್ಲಿ ಅದು ಇರಲಿಲ್ಲ. "ಶೇಂಗಾ ಹಿಂಡಿ ಕೊಡಿ" ಅಂದೆ, ಬೇರೆ ಚೀಲ ಕೊಟ್ಟರು. ಅದೂ ಶೇಂಗಾ ಹಿಂಡಿಯೇ. ಸುಳ್ಳೇನೂ ಹೇಳಲಿಲ್ಲ.

ಆದರೆ ಮೊದಲಿದ್ದದ್ದು ಸಾಲ್ವೆಂಟ್ ಹಿಂಡಿ. ರಾಸಾಯನಿಕ ಹಾಕಿ ಕೊನೆಯ ಹನಿವರೆಗೂ ಎಣ್ಣೆ ತೆಗೆದದ್ದು. ಅದರಲ್ಲಿ ಎಣ್ಣೆ ಶೇ. 1ರ ಆಸುಪಾಸು. ಹೊಸದು ಗಾಣದ್ದು. ಅದರಲ್ಲಿ ಶೇ. 10ರ ಸುಮಾರು. ಯಂತ್ರದಲ್ಲಿ ಒತ್ತಿ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್ ಮಿಲ್ಲಿನದ್ದು ಎರಡರ ನಡುವೆ, ಶೇ. 6ರಿಂದ 8. ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರಿದೆ, ಮೂರೂ ಥರ ಸಿಗುತ್ತವೆ. ಚೀಟಿ ಇಲ್ಲದ ಚೀಲದಲ್ಲಿ ಮೂರಕ್ಕೂ ಒಂದೇ ಹೆಸರು.

ಗುರುತಿಸುವುದು ಹೇಗೆ? ಹಳೇ ಪೇಪರ್ ಮೇಲೆ ಒಂದು ಚಿಟಿಕೆ ಹಿಂಡಿ ಇಟ್ಟು ಮಡಚಿ, ಹೆಬ್ಬೆರಳಲ್ಲಿ ಬಲವಾಗಿ ತಿಕ್ಕಿ. ಕೊಡವಿ ಬಿಸಿಲಿಗೆ ಹಿಡಿಯಿರಿ. ಗಾಣದ ಹಿಂಡಿಯಾದರೆ ಬಜ್ಜಿ ಕಟ್ಟಿದ ಪೇಪರ್ ಥರ ಪಾರದರ್ಶಕ ಕಲೆ ಬೀಳುತ್ತದೆ. ಸಾಲ್ವೆಂಟ್ ಹಿಂಡಿ ಒಣ ಧೂಳು ಬಿಟ್ಟು ಹೋಗುತ್ತದೆ, ಕಲೆ ಕಾಣುವುದೇ ಇಲ್ಲ. ಎಕ್ಸ್‌ಪೆಲ್ಲರ್‌ದು ಮಬ್ಬಾದ ಕಲೆ.

ಗಾಣದ ಹಿಂಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇರೆ ಎಣ್ಣೆ ಹಾಕದಿದ್ದರೆ ನನಗೆ ಅದೇ ಇಷ್ಟ. ಅದರ ಮೇಲೆ ಮತ್ತೆ ಎಣ್ಣೆ ಹೊಯ್ಯುವುದು ತಪ್ಪು.

ಒಂದು ಟಗರಿನ ದಿನದ ಬಾನಿ ಹೀಗಿತ್ತು: ನುಚ್ಚು 350 ಗ್ರಾಂ, ಹಿಂಡಿ 150 ಗ್ರಾಂ, ಅಕ್ಕಿ ತೌಡು 100 ಗ್ರಾಂ, ಶೇಂಗಾ ಬಳ್ಳಿ 400 ಗ್ರಾಂ. ಒಟ್ಟು ಒಂದು ಕೆಜಿ. ತೇವ ಕಳೆದರೆ ಸುಮಾರು 900 ಗ್ರಾಂ ಒಣ ಮೇವು. ಇದರಲ್ಲಿ ಎಣ್ಣೆ ಎಲ್ಲೆಲ್ಲಿದೆ ನೋಡಿ. ಮೆಕ್ಕೆಜೋಳದಲ್ಲಿ ಶೇ. 4, ಅಂದರೆ 14 ಗ್ರಾಂ. ಬಳ್ಳಿಯಲ್ಲಿ ಶೇ. 2 ಹಿಡಿಯಿರಿ, 8 ಗ್ರಾಂ. ಮೊದಲ ಎರಡು ವಾರ ಸಾಲ್ವೆಂಟ್ ಹಿಂಡಿಯಿಂದ ಒಂದೂವರೆ ಗ್ರಾಂ, ಎಣ್ಣೆ ತೆಗೆದ ತೌಡಿನಿಂದ ಒಂದು ಗ್ರಾಂ. ಕೂಡಿದರೆ ಸುಮಾರು 25 ಗ್ರಾಂ. ಇದಕ್ಕೆ ನಾನು ಹಾಕುತ್ತಿದ್ದ 30 ಗ್ರಾಂ ಎಣ್ಣೆ ಸೇರಿ 55. ಒಣ ಮೇವಿನ ಲೆಕ್ಕದಲ್ಲಿ ಶೇ. 6ರ ಆಸುಪಾಸು. ಟಗರು ಕುಣಿಯುತ್ತಿತ್ತು.

ಮೂರನೇ ವಾರ ಗಾಣದ ಹಿಂಡಿ ಬಂತು, 15 ಗ್ರಾಂ ಎಣ್ಣೆ ತಂತು. ಅದೇ ದಿನ ದಾವಣಗೆರೆಯಿಂದ ಬಂದ ಗಾಡಿಯಲ್ಲಿ ಮಿಲ್ಲಿನ ಹಸಿ ತೌಡು ಅಗ್ಗಕ್ಕೆ ಸಿಕ್ಕಿತ್ತು ಅಂತ ಇಳಿಸಿಕೊಂಡಿದ್ದೆ. ಎಣ್ಣೆ ತೆಗೆಯದ ತೌಡಿನಲ್ಲಿ ಶೇ. 15ರ ಸುಮಾರು ಎಣ್ಣೆ. ಅಲ್ಲಿಗೆ ಇನ್ನೊಂದು 15 ಗ್ರಾಂ. ಜೋಳ, ಬಳ್ಳಿಯ 22 ಗ್ರಾಂ ಕೂಡಿಸಿದರೆ 52. ಡಬ್ಬಿಯ ಎಣ್ಣೆ ಹಾಕುವ ಮೊದಲೇ ಬಾನಿ ಹೆಚ್ಚುಕಮ್ಮಿ ತುಂಬಿತ್ತು! ಅದರ ಮೇಲೆ ನನ್ನ 30 ಗ್ರಾಂ. ಒಟ್ಟು 82, ಶೇ. 9ರ ಹತ್ತಿರ. ಚಮಚ ಅದೇ, ಡಬ್ಬಿ ಅದೇ. ನಾನು ಡಬ್ಬಿಯನ್ನೇ ನೋಡುತ್ತಾ ಕೂತಿದ್ದೆ.

ನಿಮ್ಮ ಬಾನಿಗೂ ಹೀಗೇ ಲೆಕ್ಕ ಹಾಕಿ. ಎಣ್ಣೆಕಾಳು ಹಾಕುತ್ತಿದ್ದರೆ ಅದನ್ನೂ ಬಿಡಬೇಡಿ. ಶೇಂಗಾ ಬೀಜದಲ್ಲಿ ಅರ್ಧದಷ್ಟು ಎಣ್ಣೆಯೇ. ಸೂರ್ಯಕಾಂತಿಯಲ್ಲಿ ಶೇ. 40ರ ಸುಮಾರು, ಹತ್ತಿಕಾಳಿನಲ್ಲಿ ಶೇ. 18ರಿಂದ 20. ಹತ್ತಿಕಾಳಿನ ಒಂದು ಗುಣ, ಅದನ್ನು ಇಡಿಯಾಗಿ ಹಾಕಿದರೆ ಎಣ್ಣೆ ನಿಧಾನವಾಗಿ ಬಿಡುತ್ತದೆ, ಹೊಟ್ಟೆಗೆ ಒಮ್ಮೆಲೇ ಹೊಡೆತ ಬೀಳುವುದಿಲ್ಲ. ಆದರೆ ಅದರಲ್ಲಿ ಗಾಸಿಪಾಲ್ ಅನ್ನುವ ವಿಷ ಇದೆ. ಮೆಲುಕು ಸರಿಯಾಗಿ ಶುರುವಾಗದ ಎಳೇ ಮರಿಗೆ, ಬಿತ್ತನೆಗೆ ಬಿಡುವ ಟಗರಿಗೆ ಹಾಕಬೇಡಿ.

ತೌಡು, ಎಣ್ಣೆಯ ವಾಸನೆ

ಲೆಕ್ಕ ಸರಿ ಇದ್ದೂ ಟಗರು ಮೂಸಿ ಮುಖ ತಿರುಗಿಸಿದರೆ ಮುಗ್ಗು ಹಿಡಿದಿರಬಹುದು. ಹಸಿ ತೌಡಿಗೆ ಇದು ಬಲು ಬೇಗ. ಮಿಲ್ಲಿನಿಂದ ಹೊರಬಿದ್ದ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ. ಬೇಸಿಗೆಯಲ್ಲಿ ಕೆಲವೇ ದಿನದಲ್ಲಿ ಕಮಟು ವಾಸನೆ. ಚೀಲದ ಬಾಯಿ ಮೂಸಿದರೆ ಗೊತ್ತಾಗುವುದಿಲ್ಲ. ಮೊಳಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಮುಷ್ಟಿ ತೆಗೆಯಿರಿ. ಬೆಚ್ಚಗಿದ್ದರೆ, ಗಂಟು ಕಟ್ಟಿದ್ದರೆ, ಹಳೇ ಸೋಪಿನ ವಾಸನೆ ಬಂದರೆ ಆ ಚೀಲ ಹೊರಗೆ.

ದಾವಣಗೆರೆಯಲ್ಲಿ ಮಿರ್ಚಿ ಬಜ್ಜಿ ಕರಿದು ಕಪ್ಪಾದ ಎಣ್ಣೆಯನ್ನು ಕೆಲವರು ಅಗ್ಗಕ್ಕೆ ತಂದು ಹಾಕುತ್ತಾರೆ. ಬೇಡ. ಮತ್ತೆ ಮತ್ತೆ ಕಾದ ಎಣ್ಣೆ ಆಗಲೇ ಕೆಟ್ಟಿರುತ್ತದೆ, ಮೇವಿನಲ್ಲಿರುವ ವಿಟಮಿನ್ ಇ ಯನ್ನೂ ಹಾಳು ಮಾಡುತ್ತದೆ. ಮಿಲ್ಲಿನ ಡಬ್ಬಿ ತಳದ ಗಸಿಗೂ ಇದೇ ಮಾತು. ಹೊಂಗೆ, ಬೇವು, ಹರಳಿನ ಹಿಂಡಿ ಗೊಬ್ಬರಕ್ಕೆ ಇರಲಿ, ಬಾನಿಗೆ ಬರಬಾರದು. ಹರಳಿನದಂತೂ ಜೀವಕ್ಕೇ ಅಪಾಯ. ಗೊಬ್ಬರದ ಚೀಲ, ಮೇವಿನ ಚೀಲ ಒಂದೇ ಮೂಲೆಯಲ್ಲಿ ಇಟ್ಟವರು ಈಗಲೇ ಎದ್ದು ಬೇರೆ ಮಾಡಿ.

ಶೇಂಗಾ ಹಿಂಡಿಯ ಬೂಷ್ಟು ಇನ್ನೊಂದು ಕಾಟ. ಅದರಿಂದ ಬರುವ ಅಫ್ಲಾಟಾಕ್ಸಿನ್ ಲಿವರ್ ಕೆಡಿಸುತ್ತದೆ, ಮೇವು ತಿನ್ನುವುದು ದಿನದಿಂದ ದಿನಕ್ಕೆ ಇಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಟರ್ಕಿ ಕೋಳಿಗಳು ಸತ್ತಾಗ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಶೇಂಗಾ ಹಿಂಡಿಯೇ. ಈ ವಿಷ ಕುದಿಸಿದರೂ ಹೋಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ಇರಬಹುದು. ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಇಟ್ಟ ಹಿಂಡಿಯ ಮೇಲೆ ನನಗೆ ನಂಬಿಕೆಯೇ ಇಲ್ಲ.

ಐದು ದಿನ ನಿಲ್ಲಿಸಿ ನೋಡಿ

ಇಷ್ಟಾದರೂ ಅನುಮಾನ ಉಳಿದರೆ ಡಬ್ಬಿಯ ಎಣ್ಣೆ, ಎಣ್ಣೆಕಾಳು, ಹಸಿ ತೌಡು ಪೂರ್ತಿ ನಿಲ್ಲಿಸಿ. ಒಳ್ಳೆ ಬಳ್ಳಿ, ನೀರು, ಉಪ್ಪು ಸಾಕಷ್ಟು ಇರಲಿ. ಬೇರೆ ಏನನ್ನೂ ಬದಲಿಸಬೇಡಿ. ಔಷಧಿ, ಟಾನಿಕ್, ಹುಳದ ಮಾತ್ರೆ ಎಲ್ಲಾ ಒಂದೇ ದಿನ ಕೊಟ್ಟರೆ ಯಾವುದರಿಂದ ಸರಿಹೋಯಿತು ಅಂತ ಆ ದೇವರಿಗೇ ಗೊತ್ತು.

ಮಧ್ಯಾಹ್ನ ಮಲಗಿರುವ ಟಗರುಗಳನ್ನು ಸುಮ್ನೆ ದೂರದಿಂದ ಎಣಿಸಿ. ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ನನ್ನ ಶೆಡ್ಡಿನಲ್ಲಿ ಮೊದಲ ದಿನ 24ರಲ್ಲಿ ಐದು. ಐದನೇ ದಿನ ಹದಿನಾಲ್ಕು. ಹಿಕ್ಕೆ ಮತ್ತೆ ಬಿಡಿಬಿಡಿಯಾಗಿ ಕರಿಮಣಿ ಹಾಗೆ ಬಿತ್ತು. ಅಲ್ಲಿಗೆ ಎಣ್ಣೆ ಅತಿಯಾಗಿದ್ದೇ ಕಾರಣ ಅಂತ ಖಾತ್ರಿಯಾಯಿತು.

ಐದು ದಿನಕ್ಕೂ ಏನೂ ಬದಲಾಗದಿದ್ದರೆ ಕಾರಣ ಬೇರೆ ಕಡೆ ಇದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಿರದೆ ಬಿಳಿಚಿಕೊಂಡಿದ್ದರೆ ಹೊಟ್ಟೆಹುಳ ರಕ್ತ ಹೀರುತ್ತಿದೆ. ಹಿಂಡಿಯ ಚೀಲ ಬದಲಿಸಿ ನೋಡಿ, ಬೂಷ್ಟಿನ ಅನುಮಾನ ಅಲ್ಲಿ ತೀರುತ್ತದೆ. ಉಚ್ಚೆ ಹನಿಹನಿಯಾಗಿ ಬರುತ್ತಿದ್ದರೆ ಮೂತ್ರದ ಕಲ್ಲು, ಮೊದಲೇ ಹೇಳಿದ ಹಾಗೆ ಕೂಡಲೇ ಪಶು ಆಸ್ಪತ್ರೆಗೆ ಹೇಳಿ. ಜೋಳ, ತೌಡು, ಹಿಂಡಿ ಮೂರರಲ್ಲೂ ರಂಜಕ ಜಾಸ್ತಿ, ಸುಣ್ಣದಂಶ ಕಮ್ಮಿ. ಮೇಲಿಂದ ಎಣ್ಣೆ ಹೊಟ್ಟೆಯಲ್ಲಿ ಇದ್ದಬದ್ದ ಸುಣ್ಣವನ್ನೂ ಹಿಡಿದು ಸೋಪಿನಂತೆ ಮಾಡಿ ಹೊರಗೆ ಕಳಿಸುತ್ತದೆ. ಅದಕ್ಕೇ ಎಣ್ಣೆ ಹಾಕುವವರು ಒಂದು ಕೆಜಿ ದಾಣಿಗೆ (ನುಚ್ಚು, ಹಿಂಡಿ, ತೌಡು ಕಲಸಿದ್ದು) 10 ಗ್ರಾಂ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ ಸೇರಿಸಬೇಕು. ಗೋಡೆಗೆ ಬಳಿಯುವ ಸುಣ್ಣ ಅಲ್ಲ ಮತ್ತೆ!

ಮತ್ತೆ ಶುರು ಮಾಡುವಾಗ

ಎಣ್ಣೆ ಬೇಕೇ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಗಾಣದ ಹಿಂಡಿ ಸಿಗುವವರಿಗೆ ಡಬ್ಬಿಯ ಎಣ್ಣೆ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಾಲ್ವೆಂಟ್ ಹಿಂಡಿ, ಎಣ್ಣೆ ತೆಗೆದ ತೌಡು ಹಾಕುವವರಿಗೆ ಮಾತ್ರ ಜಾಗ ಇದೆ. ಆಗಲೂ ದಿನಕ್ಕೆ 10 ಗ್ರಾಂನಿಂದ ಶುರು ಮಾಡಿ, ಎರಡು ವಾರ ತಗೊಂಡು 25ಕ್ಕೆ ಏರಿಸಿ, ಅಲ್ಲೇ ನಿಲ್ಲಿ. ದಿನದ ಪಾಲನ್ನು ಬೆಳಗ್ಗೆ ಸಂಜೆ ಎರಡು ಸಲ ಹಂಚಿ. ಹಾಲಿನ ದನಕ್ಕೆ ಮಾರುವ ಬೈಪಾಸ್ ಫ್ಯಾಟ್, ಅಂದರೆ ದೊಡ್ಡ ಹೊಟ್ಟೆಯಲ್ಲಿ ಕರಗದೆ ಮುಂದೆ ಹೋಗುವ ಕೊಬ್ಬು, ಹೊಟ್ಟೆಯ ಜೀವಿಗಳಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ನಿಜ. ಆದರೆ ಅದರ ರೇಟು ನೋಡಿದರೆ ಟಗರಿಗೆ ಗಿಟ್ಟುವುದಿಲ್ಲ.

ನಾನು 20 ಗ್ರಾಂಗೆ ಇಳಿಸಿದೆ, ಸಾಲ್ವೆಂಟ್ ಹಿಂಡಿಗೆ ವಾಪಸ್ ಬಂದೆ. ಹಸಿ ತೌಡನ್ನು ಎಮ್ಮೆ ಇರುವವರಿಗೆ ಸ್ವಲ್ಪ ಸ್ವಲ್ಪ ಹಂಚಿಬಿಟ್ಟೆ. ಹತ್ತು ದಿನ ಬಿಟ್ಟು ತೂಗಿದಾಗ ಮುಳ್ಳು ಅಲ್ಲಾಡಿತ್ತು. ಈಗ ಅಂಗಡಿಗೆ ಹೋದರೆ ಜೇಬಿನಲ್ಲಿ ಒಂದು ತುಂಡು ಪೇಪರ್ ಇರುತ್ತದೆ. ಹಿಂಡಿ ತಿಕ್ಕಿ ಬಿಸಿಲಿಗೆ ಹಿಡಿದು ನೋಡುತ್ತೇನೆ. ಅಂಗಡಿಯವರು, "ಏನ್ ಯಜಮಾನ್ರೇ, ಜಾತಕ ನೋಡ್ತಿದ್ದೀರಾ?" ಅಂತ ನಗುತ್ತಾರೆ. ಕಲೆ ಬಿದ್ದರೆ ಆ ಸಂಜೆ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.